200 ಯೂನಿಟ್ ಒಳಗೆ ತಂಪು: ಎಸಿ ಕೊಳ್ಳಹೊರಟ ದರೋಜಿ ಸೀಮೆಯವರಿಗೆ 15 ಸೂತ್ರಗಳು

ದರೋಜಿ ಕರಡಿಧಾಮಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಕರಡಿ ಕಾಣುವುದಿಲ್ಲ. ಅದು ಬಂಡೆ ಸಂದಿಯ ಗವಿಯಲ್ಲಿ ಮಲಗಿರುತ್ತದೆ. ಬಿಸಿಲು ಇಳಿದ ಮೇಲೆ, ಸಿಬ್ಬಂದಿ ಬಂಡೆಗೆ ಬಳಿದ ಬೆಲ್ಲದ ವಾಸನೆ ಹಿಡಿದು ಆರಾಮಾಗಿ ಹೊರಗೆ ಬರುತ್ತದೆ. ಕರಡಿಗೆ ಸಿಇಟಿ ಇಲ್ಲ, ಟಾರ್ಗೆಟ್ ಇಲ್ಲ, ನೈಟ್ ಶಿಫ್ಟ್ ಇಲ್ಲ. ನಿಮಗೆ ಎಲ್ಲವೂ ಇದೆ.

ಏಪ್ರಿಲ್ ಬಂತೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಸಿಇಟಿ ಬರುವುದೂ ಹೆಚ್ಚಾಗಿ ಅದೇ ತಿಂಗಳಲ್ಲಿ. ತೋರಣಗಲ್ಲಿನ ಸ್ಟೀಲ್ ಪ್ಲಾಂಟ್‌ನಲ್ಲಿ ರಾತ್ರಿ ಪಾಳಿ ಮುಗಿಸಿದವರು ಮಲಗಬೇಕಾದದ್ದೂ ಅದೇ ಉರಿ ಹಗಲಲ್ಲಿ. ನಿದ್ದೆ ಕೆಟ್ಟರೆ ಮರುದಿನದ ಓದೂ ಕೆಡುತ್ತದೆ, ಕೆಲಸವೂ ಕೆಡುತ್ತದೆ. ಹಾಗಾಗಿ "ನಮ್ಮಂಥವರಿಗೆ ಎಸಿ ಯಾಕೆ?" ಎಂಬ ಹಳೇ ಚಾಳಿಯನ್ನು ಇವತ್ತೇ ಬಿಡಿ. ಸ್ಮಾರ್ಟ್‌ಫೋನ್ ಬಂದಾಗಲೂ ಹೀಗೇ ಅಂದಿದ್ದಿರಿ, ನೆನಪಿರಲಿ.

ಹಾಗಂತ ಸೀದಾ ಅಂಗಡಿಗೆ ಓಡಲೂಬೇಡಿ. ಮೊದಲು ಮೀಟರ್ ಬೋರ್ಡ್ ಮುಂದೆ ನಿಲ್ಲಿ. ಬಜೆಟ್ ಉಳಿಯುವುದೋ ಮುಳುಗುವುದೋ ಅಲ್ಲೇ ತೀರ್ಮಾನ ಆಗುತ್ತದೆ.

1. ಹೀಟ್ ಪಂಪ್ ಅಂದರೆ ಏನೆಂದು ಎರಡು ನಿಮಿಷ ಕೊಟ್ಟು ತಿಳಿದುಕೊಳ್ಳಿ.

ಹಳೇ ಕಾಲದ ಏತ ಗೊತ್ತಲ್ಲ? ಏತ ನೀರನ್ನು ಹುಟ್ಟಿಸುತ್ತಿರಲಿಲ್ಲ, ಬಾವಿಯಿಂದ ಎತ್ತಿ ಕಾಲುವೆಗೆ ಸುರಿಯುತ್ತಿತ್ತು. ಎಸಿ ಕೂಡ ಒಂದು ಏತವೇ. ಕೋಣೆಯ ಶಾಖವನ್ನು ಎತ್ತಿ ಹೊರಗೆ ಸುರಿಯುತ್ತದೆ. ಕರೆಂಟ್ ಖರ್ಚಾಗುವುದು ಆ ಎತ್ತುವ ಕೆಲಸಕ್ಕೆ ಮಾತ್ರ. ಅದಕ್ಕೇ ಒಳ್ಳೆಯ ಎಸಿ 1 ಯೂನಿಟ್ ಕರೆಂಟ್ ತಿಂದು 3ರಿಂದ 5 ಯೂನಿಟ್‌ನಷ್ಟು ಶಾಖ ಸಾಗಿಸುತ್ತದೆ. ಇದೇ ಯಂತ್ರವನ್ನು ಹಿಂದುಮುಂದಾಗಿ ಓಡಿಸಿದರೆ ಹೊರಗಿನ ಶಾಖ ಒಳಗೆ ಬಂದು ಕೋಣೆ ಬೆಚ್ಚಗಾಗುತ್ತದೆ. ಚಳಿ ದೇಶದವರು ಇದಕ್ಕೆ ಹೀಟ್ ಪಂಪ್ ಅನ್ನುತ್ತಾರೆ. ನಮ್ಮ ಅಂಗಡಿಯಲ್ಲಿ ಇದರ ಹೆಸರು 'ಹಾಟ್ ಅಂಡ್ ಕೋಲ್ಡ್ ಎಸಿ'. ಇಷ್ಟು ಗೊತ್ತಿದ್ದರೆ ಸೇಲ್ಸ್‌ಮನ್ ನಿಮ್ಮನ್ನು ಹೆದರಿಸಲಾರ.

2. 'ಹಾಟ್' ಬಟನ್‌ಗೆ ದುಡ್ಡು ಕೊಡಬೇಡಿ.

ಟೊರಾಂಟೊದಲ್ಲಿರುವ ನಿಮ್ಮ ಅಕ್ಕನ ಮನೆಗೆ ಹೀಟ್ ಪಂಪ್ ಬೇಕು. ಅಲ್ಲಿ ತಿಂಗಳುಗಟ್ಟಲೆ ಸೊನ್ನೆಯ ಕೆಳಗೆ ಇರುತ್ತದೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ 15 ಡಿಗ್ರಿ ಆಸುಪಾಸಿಗೆ ಇಳಿದರೆ ಅದೇ ದೊಡ್ಡ ಚಳಿ. ಅದಕ್ಕೆ ಕಂಬಳಿ ಸಾಕು. ಹಾಟ್ ಅಂಡ್ ಕೋಲ್ಡ್ ಮಾಡೆಲ್‌ಗೆ ಕೆಲವು ಸಾವಿರ ಹೆಚ್ಚು ತೆರಬೇಕು. ವರ್ಷಕ್ಕೆ ಹತ್ತು ಬೆಳಗಿಗೋಸ್ಕರ ಅಷ್ಟು ಕೊಡುವುದು ಲೆಕ್ಕ ಬರದವರ ಕೆಲಸ. ಸ್ನಾನದ ನೀರಿಗೆ ಹೀಟ್ ಪಂಪ್ ವಾಟರ್ ಹೀಟರ್ ಕೂಡ ಸಿಗುತ್ತದೆ. ಗೀಸರ್‌ನ ಮೂರನೇ ಒಂದು ಪಾಲಿನಷ್ಟು ಕರೆಂಟಲ್ಲಿ ನೀರು ಕಾಸುತ್ತದೆ, ನಿಜ. ಆದರೆ ಮಾಳಿಗೆ ನಿಮ್ಮದೇ ಆಗಿದ್ದರೆ ಸೋಲಾರ್ ವಾಟರ್ ಹೀಟರ್ ಹಾಕಿಸಿ. ಈ ಸೀಮೆಯಲ್ಲಿ ಬಿಸಿಲಿಗೆ ಬರವೇ?

3. ಕರೆಂಟ್ ಬಿಲ್ ಕೈಗೆತ್ತಿಕೊಳ್ಳಿ. 200 ಎಂಬ ಅಂಕಿಯನ್ನು ಗೋಡೆಗೆ ಬರೆದುಕೊಳ್ಳಿ.

ಇಡೀ ಲೇಖನದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ 2023ರ ಜುಲೈ ಬಳಕೆಯಿಂದ ಜಾರಿಗೆ ಬಂತು. ನಿಮ್ಮ ಮನೆಯ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, ಅಷ್ಟು ಯೂನಿಟ್ ಉಚಿತ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಹಣ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿತೋ, ಆ ತಿಂಗಳ ಇಡೀ ಬಿಲ್ ನಿಮ್ಮದೇ. ಎಸಿ ಬಂದ ಮನೆ ಎಡವುವುದು ಈ ಹೊಸ್ತಿಲಲ್ಲೇ.

ಲೆಕ್ಕ ಮಾಡಿ. ನಿಮ್ಮ ಉಚಿತ ಮಿತಿ 100 ಯೂನಿಟ್ ಅಂದುಕೊಳ್ಳಿ. ಎಸಿ ಇಲ್ಲದೆ ಏಪ್ರಿಲ್‌ನಲ್ಲಿ 110 ಯೂನಿಟ್ ಉರಿಯುತ್ತದೆ. ಈಗ 1 ಟನ್ ಎಸಿ ಬಂತು. ದಿನಕ್ಕೆ 8 ತಾಸು, ತಿಂಗಳಿಗೆ 240 ತಾಸು. ಎಸಿಯ ಸ್ಟಾರ್ ಲೇಬಲ್ ಮೇಲೆ ವರ್ಷದ ಬಳಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಅದು 1,600 ತಾಸಿನ ಲೆಕ್ಕ. ಲೇಬಲ್ 720 ಎಂದರೆ ತಾಸಿಗೆ ಸರಾಸರಿ 0.45 ಯೂನಿಟ್, ತಿಂಗಳಿಗೆ 108. ಮೊತ್ತ 218. ಹೊಸ್ತಿಲು ದಾಟಿದಿರಿ. ತೆರಿಗೆ, ಸರ್‌ಚಾರ್ಜ್ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಹಿಡಿದರೂ 1,526 ರೂಪಾಯಿ. ನಿಗದಿತ ಶುಲ್ಕ ಬೇರೆ.

ಈಗ ಲೇಬಲ್ 520 ಇರುವ ಎಸಿ ತನ್ನಿ. ತಿಂಗಳಿಗೆ 78 ಯೂನಿಟ್. ಮೊತ್ತ 188. ಹಣ ಕೊಡಬೇಕಾದದ್ದು 88 ಯೂನಿಟ್‌ಗೆ ಮಾತ್ರ, ಅಂದರೆ 616 ರೂಪಾಯಿ. ಬರೀ 30 ಯೂನಿಟ್ ಅಂತರ, 910 ರೂಪಾಯಿ ಅಂತರ!

ನಿಮ್ಮ ಮನೆಯ ಅಂಕಿ ಬೇರೆ ಇರುತ್ತದೆ. ಕಳೆದ ವರ್ಷದ ಮಾರ್ಚ್, ಏಪ್ರಿಲ್, ಮೇ ಬಿಲ್ ಹುಡುಕಿ, ಇದೇ ಲೆಕ್ಕ ಹಾಕಿ. ಬಾಡಿಗೆ ಮನೆಯವರಿಗೂ ಗೃಹಜ್ಯೋತಿ ಇದೆ, ಹಾಗಾಗಿ ತಪ್ಪಿಸಿಕೊಳ್ಳುವ ನೆಪ ಇಲ್ಲ. ಹಂಪಿ ಕಡೆ ವಾಣಿಜ್ಯ ಮೀಟರ್ ಮೇಲೆ ರೂಮ್ ನಡೆಸುವವರಿಗೆ ಮಾತ್ರ ಈ 200ರ ಆಟ ಅನ್ವಯಿಸುವುದಿಲ್ಲ. ಅವರು ಸೀದಾ 8ನೇ ಸೂತ್ರಕ್ಕೆ ಹೋಗಬಹುದು.

4. ಎಸಿಗೆ ಮೊದಲು ಫ್ಯಾನ್ ಬದಲಿಸಿ.

ನಗಬೇಡಿ. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಫ್ಯಾನ್ 30-35 ವ್ಯಾಟ್‌ನಲ್ಲೇ ಅಷ್ಟು ಗಾಳಿ ಕೊಡುತ್ತದೆ. ದಿನಕ್ಕೆ 12 ತಾಸು ತಿರುಗುವ ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 14 ಯೂನಿಟ್ ಉಳಿತಾಯ. ಎರಡು ಬದಲಿಸಿದರೆ 28. ಮೇಲಿನ 218ರಲ್ಲಿ 28 ಕಳೆಯಿರಿ. 190! ಅಂದರೆ ಲೇಬಲ್ 520ರ 5 ಸ್ಟಾರ್ ಎಸಿ ಮಾಡುವ ಕೆಲಸವನ್ನು ಲೇಬಲ್ 720ರ 3 ಸ್ಟಾರ್ ಎಸಿ ಜೊತೆ ಎರಡು ಫ್ಯಾನ್ ಸೇರಿ ಮಾಡಿಬಿಟ್ಟವು. ಮೇಲಾಗಿ ಫ್ಯಾನ್ ವರ್ಷವಿಡೀ ಉಳಿಸುತ್ತದೆ, ಎಸಿ ಬೇಸಿಗೆಯಲ್ಲಷ್ಟೇ.

5. ಸ್ಲ್ಯಾಬ್‌ಗೆ ಬಿಳಿ ಬಳಿಯಿರಿ.

ಮೇ ತಿಂಗಳ ಸಂಜೆ ಹಂಪಿಯ ಯಾವುದಾದರೂ ಬಂಡೆ ಮೇಲೆ ಕೂತು ನೋಡಿ. ಸೂರ್ಯ ಮುಳುಗಿ ಎರಡು ತಾಸಾದರೂ ಬಂಡೆ ಇನ್ನೂ ಕಾದೇ ಇರುತ್ತದೆ. ಹಗಲು ಕುಡಿದ ಬಿಸಿಯನ್ನು ರಾತ್ರಿ ಕಕ್ಕುವುದು ಕಲ್ಲಿನ ಗುಣ. ನಿಮ್ಮ ಆರ್‌ಸಿಸಿ ಸ್ಲ್ಯಾಬ್ ಕೂಡ ಅಂಥದೇ ಬಂಡೆ, ಅದೂ ನಿಮ್ಮ ತಲೆಯ ಮೇಲೇ ಇದೆ. ರಾತ್ರಿ ಎಂಟಕ್ಕೆ ನೀವು ಎಸಿ ಹಾಕುತ್ತೀರಿ, ಅದೇ ಹೊತ್ತಿಗೆ ಸ್ಲ್ಯಾಬ್ ಬಿಸಿ ಕಕ್ಕುತ್ತದೆ. ನಿಮ್ಮ ಏತ ಕೋಣೆಯ ಶಾಖ ಎತ್ತಬೇಕೋ, ಇಡೀ ಮಾಳಿಗೆಯ ಶಾಖ ಎತ್ತಬೇಕೋ?

ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆಗೆ ಈ ಕಾಟ ಇರಲಿಲ್ಲ. ದಪ್ಪ ಗೋಡೆ, ದಪ್ಪ ಮಣ್ಣು, ಮೇಲೊಂದು ಬೆಳಕಿಂಡಿ. ಅದನ್ನು ಕೆಡವಿ ಸ್ಲ್ಯಾಬ್ ಹಾಕಿಸಿ ಮನೆ 'ಡೆವಲಪ್' ಮಾಡಿದೆವು. ಬೈದು ಪ್ರಯೋಜನವಿಲ್ಲ, ನಮ್ಮ ಮನೆಯದೂ ಅದೇ ಕಥೆ. ಈಗ ಮಾಡಬೇಕಾದದ್ದು ಇಷ್ಟು: ಫೆಬ್ರವರಿಯಲ್ಲೇ ಮಾಳಿಗೆ ಗುಡಿಸಿ, ತೊಳೆದು, ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೋಟ್ ಹೊಡೆಯಿರಿ. ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿದ್ದರೆ ಬಿಸಿಲು ಹಿಮ್ಮೆಟ್ಟಿಸುವ ಕೂಲ್ ರೂಫ್ ಪೇಂಟ್ ಹಾಕಿಸಿ. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಕೂಲ್ ರೂಫ್ ನೀತಿ ತಂದಿತು. ಸರ್ಕಾರ ಹೇಳುವ ತನಕ ನೀವು ಕಾಯಬೇಕಿಲ್ಲ. ಸಂಡೂರು ರಸ್ತೆಯ ಕೆಂಧೂಳು ಬೀಳುವ ಜಾಗವಾದರೆ ಏಪ್ರಿಲ್‌ನಲ್ಲಿ ಇನ್ನೊಮ್ಮೆ ತೊಳೆಯಿರಿ. ಕೆಂಪಾದ ಬಿಳಿ ಬಿಸಿಲನ್ನು ಅಷ್ಟಾಗಿ ತಡೆಯುವುದಿಲ್ಲ.

ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಕೊಡಿ. ಪರದೆ ಒಳಗೆ ಕಟ್ಟಿದರೆ ಬಿಸಿಲು ಆಗಲೇ ಮನೆಯೊಳಕ್ಕೆ ಬಂದಾಗಿರುತ್ತದೆ.

6. ಕೂಲರ್ ಸಾಕೇ? ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಮಂಗಳೂರಿನವರಿಗೆ ಈ ಅದೃಷ್ಟ ಇಲ್ಲ, ನಮಗಿದೆ. ನಮ್ಮ ಬೇಸಿಗೆ ಒಣ ಬೇಸಿಗೆ. ಹೊರಗೆ 41 ಡಿಗ್ರಿ, ತೇವಾಂಶ ಶೇ 20 ಇದ್ದರೆ ಒಳ್ಳೆಯ ಪ್ಯಾಡ್ ಇರುವ ಕೂಲರ್ 27 ಡಿಗ್ರಿ ಆಸುಪಾಸಿನ ಗಾಳಿ ಊದಬಲ್ಲದು, 200 ವ್ಯಾಟ್ ಒಳಗೇ. ಬೆಲೆ ಎಸಿಯ ಮೂರನೇ ಒಂದು ಪಾಲಿಗಿಂತ ಕಡಿಮೆ. ಮಾರ್ಚ್, ಏಪ್ರಿಲ್, ಮೇ ತಿಂಗಳ ರಾತ್ರಿ ಓದಿಗೆ, ಬಾಡಿಗೆ ರೂಮಿನ ಹುಡುಗರಿಗೆ ಇದೇ ಸರಿ. ಎಸಿ ಬಿಚ್ಚಿ ಇನ್ನೊಂದು ಮನೆಯಲ್ಲಿ ಕೂಡಿಸುವ ಖರ್ಚು ನೋಡಿದವರಿಗೆ ಇದರ ಬೆಲೆ ಗೊತ್ತು.

ಆದರೆ ಮೂರು ಷರತ್ತು. ಕಿಟಕಿ ತೆರೆದಿಡಿ. ತೇವ ಹೊರಗೆ ಹೋಗದಿದ್ದರೆ ಕೋಣೆ ಇಡ್ಲಿ ಪಾತ್ರೆ ಆಗುತ್ತದೆ. ನೀರು ಯಾವುದು ನೋಡಿ. ಗಡಸು ಬೋರ್ ನೀರು ಹಾಕಿದರೆ ಪ್ಯಾಡ್ ಮೇಲೆ ಉಪ್ಪು ಕಟ್ಟಿ ಗಾಳಿಯೇ ಬರುವುದಿಲ್ಲ. ಮೂರನೆಯದು, ಮಳೆಗಾಲದಲ್ಲಿ ಇದರಿಂದ ಏನನ್ನೂ ನಿರೀಕ್ಷಿಸಬೇಡಿ. ಜೂನ್ ಕಳೆದು ಗಾಳಿಯಲ್ಲಿ ತೇವ ಏರಿತು ಅಂದರೆ ಕೂಲರ್ ಬರೀ ಸದ್ದು ಮಾಡುವ ಫ್ಯಾನ್. ಕಂಪ್ಲಿಯ ಗದ್ದೆ ನಡುವಿನ ಮನೆಯವರಿಗೆ, ಕಾಲುವೆಗೆ ನೀರು ಬಿಟ್ಟ ಮೇಲೆ ಇದು ಇನ್ನೂ ಬೇಗ ಗೊತ್ತಾಗುತ್ತದೆ.

ಕೂಲರ್ ಸಾಕು ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಿ, ಉಳಿದ ದುಡ್ಡನ್ನು ಕೋಚಿಂಗ್‌ಗೆ ಹಾಕಿ. ಹಗಲು ಮಲಗುವವರು, ಧೂಳಿನ ಅಲರ್ಜಿಯಿಂದ ಕಿಟಕಿ ತೆರೆಯಲಾಗದವರು, ಮನೆಯಲ್ಲಿ ಹಸುಗೂಸು ಅಥವಾ ವಯಸ್ಸಾದವರು ಇರುವವರು ಮುಂದೆ ಓದಿ.

7. ಟನ್ ಲೆಕ್ಕ ನೀವೇ ಮಾಡಿ.

ಟನ್ ಅಂದರೆ ಎಸಿಯ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ತಂಪು ಮಾಡುವ ಶಕ್ತಿ, ಸುಮಾರು 3.5 ಕಿಲೋವ್ಯಾಟ್. 10 ಅಡಿಗೆ 12 ಅಡಿಯ ಕೋಣೆಗೆ 1 ಟನ್ ಸಾಕು. 150 ಚದರಡಿ ದಾಟಿದರೆ 1.5 ಟನ್ ನೋಡಿ. ಮೇಲಂತಸ್ತು, ಪಶ್ಚಿಮದ ಗೋಡೆ, ಸುಣ್ಣ ಕಾಣದ ಸ್ಲ್ಯಾಬ್, ಈ ಮೂರೂ ಕೂಡಿದರೆ ಒಂದು ಮೆಟ್ಟಿಲು ಮೇಲೆ ಹೋಗಿ. 5ನೇ ಸೂತ್ರ ಪಾಲಿಸಿದವರಿಗೆ ಆ ಮೆಟ್ಟಿಲು ಬೇಕಾಗದಿರಬಹುದು. ಸುಣ್ಣದ ಖರ್ಚು ಅಲ್ಲೇ ವಾಪಸ್ ಬಂತು.

"ಅಣ್ಣಾ, ಒಂದೂವರೆ ಟನ್ನೇ ತಗೊಳ್ಳಿ, ಮುಂದಕ್ಕೆ ಅನುಕೂಲ" ಎಂಬ ಮಾತು ಎಲ್ಲಾ ಅಂಗಡಿಯಲ್ಲೂ ಕೇಳಿಬರುತ್ತದೆ. ಎಸಿ ಮಗುವಿನ ಅಂಗಿಯಲ್ಲ, ಮುಂದೆ ಬೆಳೆಯುತ್ತದೆ ಎಂದು ದೊಡ್ಡದು ತರಲು. ಕೋಣೆ ಬೆಳೆಯುವುದಿಲ್ಲ.

8. ಸ್ಟಾರ್ ನೋಡಿ ಮರುಳಾಗಬೇಡಿ. ತಾಸು ಎಣಿಸಿ.

5 ಸ್ಟಾರ್ ಯಾವಾಗಲೂ ಲಾಭ ಎನ್ನುವವರು ಲೆಕ್ಕ ಹಾಕಿಲ್ಲ. ಮೇಲಿನ ಎರಡು ಲೇಬಲ್ ಮತ್ತೆ ತೆಗೆದುಕೊಳ್ಳಿ. 720 ಮತ್ತು 520. ತಾಸಿಗೆ ಉಳಿಯುವುದು 0.125 ಯೂನಿಟ್. ರಾತ್ರಿ ಮಾತ್ರ, ವರ್ಷಕ್ಕೆ 75 ರಾತ್ರಿ, 8 ತಾಸಿನಂತೆ ಹಾಕುವವರಿಗೆ 600 ತಾಸು. ಉಳಿತಾಯ 75 ಯೂನಿಟ್, 525 ರೂಪಾಯಿ. ಬೆಲೆಯಲ್ಲಿ 7,000 ರೂಪಾಯಿ ಅಂತರ ಇದ್ದರೆ ಹಣ ಹುಟ್ಟಲು 13 ವರ್ಷ ಬೇಕು. ಅಷ್ಟರಲ್ಲಿ ಎಸಿಯೇ ಗುಜರಿಗೆ ಹೋಗಿರುತ್ತದೆ. ಇಂಥವರು 3 ಸ್ಟಾರ್ ಕೊಳ್ಳಲಿ, ನಾಚಿಕೆ ಬೇಡ.

ಶಿಫ್ಟ್ ಕೆಲಸದವರ ಲೆಕ್ಕವೇ ಬೇರೆ. ಹಗಲು ಹತ್ತು ತಾಸು, ಕೆಲವು ದಿನ ರಾತ್ರಿಯೂ ಹಾಕಿ ವರ್ಷಕ್ಕೆ 1,600 ತಾಸು ಮುಟ್ಟಿದರೆ 200 ಯೂನಿಟ್, 1,400 ರೂಪಾಯಿ ಉಳಿತಾಯ. ಐದು ವರ್ಷಕ್ಕೆ ಹಣ ವಾಪಸ್. ಅವರು 5 ಸ್ಟಾರ್ ಕೊಳ್ಳಲಿ. ಫ್ಯಾನ್ ಬದಲಿಸಿಯೂ 200ರ ಹೊಸ್ತಿಲಲ್ಲೇ ತೂಗಾಡುವ ಮನೆಯವರೂ ಕೊಳ್ಳಲಿ. ವರ್ಷಕ್ಕೆ ಎರಡು ತಿಂಗಳು 900 ರೂಪಾಯಿ ಉಳಿದರೂ ನಾಲ್ಕೇ ವರ್ಷದಲ್ಲಿ ಲೆಕ್ಕ ಸರಿಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ಲೇಬಲ್ ಮೇಲೆ ಐಎಸ್‌ಇಇಆರ್ ಎಂಬ ಅಂಕಿ ಇರುತ್ತದೆ. ಅದು ಎಸಿಯ ಮೈಲೇಜ್. ನಕ್ಷತ್ರ ಎಣಿಸುವ ಬದಲು ಈ ಅಂಕಿ ಹೋಲಿಸಿ. ಯಾಕೆಂದರೆ ಬಿಇಇ ಸಂಸ್ಥೆ ಸ್ಟಾರ್‌ನ ಮಟ್ಟವನ್ನು ಆಗಾಗ ಬಿಗಿ ಮಾಡುತ್ತದೆ. 2022ರ ಜುಲೈನಲ್ಲಿ ಬಿಗಿ ಮಾಡಿದಾಗ ನಿನ್ನೆಯ 5 ಸ್ಟಾರ್ ಇವತ್ತಿನ 4 ಸ್ಟಾರ್ ಆಯಿತು. ಹಳೇ ಸ್ಟಾಕ್‌ನ 'ಫೈವ್ ಸ್ಟಾರ್' ಹೊಸ ಸ್ಟಾಕ್‌ನ 'ಫೈವ್ ಸ್ಟಾರ್'ಗೆ ಸಮ ಅಲ್ಲ. ಲೇಬಲ್ ಯಾವ ಅವಧಿಯದು ಎಂದು ಓದಿ.

9. ಇನ್ವರ್ಟರ್ ಎಸಿಯನ್ನೇ ತನ್ನಿ. ಕರೆಂಟ್ ಹೋದರೂ ಓಡುತ್ತದೆ ಎಂದು ಮಾತ್ರ ನಂಬಬೇಡಿ.

ಇದರೊಳಗೆ ಬ್ಯಾಟರಿ ಇಲ್ಲ. ಕಂಪ್ರೆಸರ್ ಪೂರ್ತಿ ವೇಗದಲ್ಲಿ ಓಡುವುದು, ನಿಲ್ಲುವುದು, ಮತ್ತೆ ಓಡುವುದು, ಇದರ ಬದಲು ಬೇಕಾದಷ್ಟು ನಿಧಾನವಾಗಿ ಓಡುತ್ತಲೇ ಇರುತ್ತದೆ. ಉಳಿತಾಯ ಅಲ್ಲಿಂದ ಬರುತ್ತದೆ.

10. ವೈರಿಂಗ್ ಮತ್ತು ಲೋಡ್ ಮೊದಲೇ ಸರಿಮಾಡಿಸಿ.

ಜೆಸ್ಕಾಂ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಇರುತ್ತದೆ. ಹಳೇ ಮನೆಗಳಲ್ಲಿ ಅದು 1 ಇರಬಹುದು. 1.5 ಟನ್ ಎಸಿ ಒಂದೇ ಉರಿ ಮಧ್ಯಾಹ್ನದಲ್ಲಿ ಒಂದೂವರೆ ಕಿಲೋವ್ಯಾಟ್‌ನಷ್ಟು ಎಳೆಯುತ್ತದೆ. ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಿ. ಎಸಿಗೆ ಮೀಟರ್ ಬೋರ್ಡ್‌ನಿಂದ ಬೇರೆಯೇ ಲೈನ್ ಎಳೆಸಿ, 4 ಚದರ ಮಿಮೀ ತಾಮ್ರದ ವೈರ್, ಅದಕ್ಕೊಂದು ಎಂಸಿಬಿ. ಅರ್ಥಿಂಗ್ ಇದೆಯೇ ಎಂದು ಟೆಸ್ಟ್ ಮಾಡಿಸಿ. "ಇದೆ ಸಾರ್, ಇದೆ" ಎಂಬ ಉತ್ತರ ಟೆಸ್ಟ್ ಅಲ್ಲ.

ಸಂಜೆ ಏಳರಿಂದ ಒಂಬತ್ತರ ನಡುವೆ ನಿಮ್ಮ ಮನೆಯ ವೋಲ್ಟೇಜ್ ಅಳೆಸಿ. 'ಸ್ಟೆಬಿಲೈಜರ್ ಬೇಕಿಲ್ಲ' ಎಂದು ಡಬ್ಬದ ಮೇಲೆ ಬರೆದಿದ್ದರೂ ಅದು ಇಂತಿಷ್ಟು ವೋಲ್ಟ್‌ನಿಂದ ಇಂತಿಷ್ಟರ ತನಕ ಮಾತ್ರ. ನಿಮ್ಮ ಅಂಕಿ ಆ ಮಿತಿಯ ಹೊರಗೆ ಹೋಗುತ್ತಿದ್ದರೆ ಸ್ಟೆಬಿಲೈಜರ್ ಹಾಕಿ. ಸುಟ್ಟ ಸರ್ಕ್ಯೂಟ್ ಬೋರ್ಡ್ ಬದಲಿಸುವ ದುಡ್ಡಿನಲ್ಲಿ ಎರಡು ಸ್ಟೆಬಿಲೈಜರ್ ಬರಬಹುದು.

11. ಯುಗಾದಿ ಆದ ಮೇಲೆ ಎಸಿ ಕೊಳ್ಳಬೇಡಿ.

ನಾನು ಮೊದಲ ಎಸಿ ಕೊಂಡದ್ದು ಏಪ್ರಿಲ್ ಮೂರನೇ ವಾರ. ಬೇಕಾದ ಮಾಡೆಲ್ ಇರಲಿಲ್ಲ, ಇದ್ದದ್ದನ್ನೇ ತಂದೆ. ಫಿಟ್ ಮಾಡುವ ಹುಡುಗ ಬರಲು ಒಂಬತ್ತು ದಿನ. ಆ ಒಂಬತ್ತು ರಾತ್ರಿ ಎಸಿ ಡಬ್ಬದ ಮೇಲೆ ಟೇಬಲ್ ಫ್ಯಾನ್ ಇಟ್ಟುಕೊಂಡು ಮಲಗಿದೆವು. ನಮ್ಮ ಮನೆಯವರು ಈಗಲೂ ಅದನ್ನು ಆಗಾಗ ನೆನಪಿಸುತ್ತಾರೆ.

ದೀಪಾವಳಿ ಆಫರ್‌ನಿಂದ ಜನವರಿ ಕೊನೆಯವರೆಗೆ ಕೊಳ್ಳುವ ಕಾಲ. ಚೌಕಾಸಿಗೆ ಅಂಗಡಿಯವರಿಗೆ ಪುರುಸೊತ್ತಿರುತ್ತದೆ, ಫಿಟ್ಟಿಂಗ್ ಹುಡುಗರಿಗೂ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೇ ಬೆಲೆಪಟ್ಟಿ ತೋರಿಸಿ 'ಡಿಸ್ಕೌಂಟ್' ಅನ್ನುವವರ ಹತ್ತಿರ ಈ ತಾರೀಖು ಹೇಳಿ.

12. ಇಎಂಐ ಮಾಡಿ, ಕಣ್ಣು ತೆರೆದು ಮಾಡಿ.

'ನೋ ಕಾಸ್ಟ್' ಎಂದು ದೊಡ್ಡದಾಗಿ ಬರೆದಿರುತ್ತದೆ. ಪ್ರೊಸೆಸಿಂಗ್ ಶುಲ್ಕ ಎಷ್ಟು ಕೇಳಿ. ಪೂರ್ತಿ ನಗದು ಕೊಟ್ಟರೆ ಎಷ್ಟಕ್ಕೆ ಬಿಡುತ್ತೀರಿ ಎಂದೂ ಕೇಳಿ. ಎರಡು ಅಂಕಿಯ ನಡುವಿನ ಅಂತರವೇ ನಿಜವಾದ ಕಾಸ್ಟ್. ಬೆಲೆಗೆ ಫಿಟ್ಟಿಂಗ್, ಸ್ಟ್ಯಾಂಡ್, ಹೆಚ್ಚುವರಿ ತಾಮ್ರದ ಪೈಪ್, ಸ್ಟೆಬಿಲೈಜರ್, ವೈರಿಂಗ್ ಸೇರಿಸಿಯೇ ಬಜೆಟ್ ಹಾಕಿ. ಡಬ್ಬದ ಬೆಲೆಯನ್ನೇ ಪೂರ್ತಿ ಬೆಲೆ ಎಂದುಕೊಂಡವರು ಕೊನೆಗೆ ಪೈಪ್‌ನಲ್ಲಿ ಉಳಿಸಲು ಹೋಗುತ್ತಾರೆ.

13. ಫಿಟ್ಟಿಂಗ್ ದಿನ ಅರ್ಧ ದಿನ ರಜೆ ಹಾಕಿ, ಪಕ್ಕದಲ್ಲೇ ನಿಲ್ಲಿ.

ಕಂಪನಿಯಲ್ಲಿ ಎಷ್ಟೇ ಚೆನ್ನಾಗಿ ಮಾಡಿರಲಿ, ಎಸಿಯ ಆಯಸ್ಸು ನಿರ್ಧಾರ ಆಗುವುದು ಈ ಎರಡು ತಾಸಿನಲ್ಲಿ. ಮೂರು ವಿಷಯ ನೋಡಿ.

ಪೈಪ್ ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಳೆಯಬೇಕು. ಕೆಲವರು ಪಂಪ್ ತರುವುದೇ ಇಲ್ಲ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಊದಿ ಕೈ ತೊಳೆದುಕೊಳ್ಳುತ್ತಾರೆ. ಒಳಗೆ ಉಳಿದ ತೇವ ಕಂಪ್ರೆಸರ್ ಅನ್ನು ನಿಧಾನವಾಗಿ ತಿನ್ನುತ್ತದೆ. ಈಗಿನ ಬಹುಪಾಲು ಎಸಿಗಳಲ್ಲಿ ಇರುವ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವಂಥದ್ದು ಕೂಡ, ಕೋಣೆಯೊಳಗೆ ಹಾಗೆ ಬಿಡುವ ಪದಾರ್ಥ ಅಲ್ಲ. "ಪಂಪ್ ತಂದಿದ್ದೀರಾ?" ಎಂದು ಫೋನ್‌ನಲ್ಲೇ ಕೇಳಿ, ಇಲ್ಲ ಎಂದರೆ ಆ ದಿನ ಬೇಡ ಎನ್ನಿ.

ಎರಡನೆಯದು, ಹೊರಗಿನ ಯೂನಿಟ್‌ನ ಜಾಗ. ಉತ್ತರ ಅಥವಾ ಪೂರ್ವದ ಗೋಡೆ ಒಳ್ಳೆಯದು. ಮಾಳಿಗೆ ಮೇಲೆ ಇಡಲೇಬೇಕಾದರೆ ಮೇಲೊಂದು ನೆರಳು ಮಾಡಿ, ನಾಲ್ಕೂ ಕಡೆ ಗಾಳಿ ಬಿಡಿ. ಶೋಭೆಗೆಂದು ಗ್ರಿಲ್ ಪೆಟ್ಟಿಗೆಯೊಳಗೆ ಕೂಡಿಹಾಕಿದರೆ ಅದು ತಾನು ಕಕ್ಕಿದ ಬಿಸಿಯನ್ನೇ ಮತ್ತೆ ನುಂಗುತ್ತದೆ. ಮೂರನೆಯದು, ಪೈಪ್ ಆದಷ್ಟು ಗಿಡ್ಡ ಇರಲಿ. ಉದ್ದವಾದಷ್ಟೂ ಖರ್ಚು ಹೆಚ್ಚು, ತಂಪು ಕಡಿಮೆ.

ಮುಂದಿನ ವರ್ಷ ಯಾರಾದರೂ ಬಂದು "ಗ್ಯಾಸ್ ಕಡಿಮೆ ಆಗಿದೆ, ಪ್ರತಿ ವರ್ಷ ತುಂಬಿಸಬೇಕು" ಎಂದರೆ ನಂಬಬೇಡಿ. ಎಸಿಯ ಗ್ಯಾಸ್ ಬೈಕಿನ ಪೆಟ್ರೋಲ್ ಅಲ್ಲ, ಖರ್ಚಾಗುವುದಿಲ್ಲ. ಕಡಿಮೆ ಆಗಿದೆ ಎಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕಿ ಮುಚ್ಚದೆ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

14. ರಿಮೋಟ್‌ನಲ್ಲಿ 26 ಒತ್ತಿ, ಫ್ಯಾನ್ ಹಾಕಿ.

2020ರ ಜನವರಿಯಿಂದ ಸ್ಟಾರ್ ಲೇಬಲ್‌ನ ಎಲ್ಲಾ ಎಸಿಗಳೂ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ ಇದೆ. ನೀವು ಇನ್ನೆರಡು ಮೇಲೆ ಹೋಗಿ. ಪ್ರತಿ ಡಿಗ್ರಿಗೆ ಸುಮಾರು ಶೇ 6 ಕರೆಂಟ್ ಉಳಿಯುತ್ತದೆ ಎನ್ನುವುದು ಬಿಇಇ ಲೆಕ್ಕ. 26 ಡಿಗ್ರಿ ಜೊತೆ 4ನೇ ಸೂತ್ರದ ಫ್ಯಾನ್ ನಿಧಾನಕ್ಕೆ ತಿರುಗಿದರೆ ಮೈಗೆ ಇನ್ನೂ ತಂಪೆನಿಸುತ್ತದೆ. 18 ಒತ್ತಿದರೆ ಬೇಗ ತಂಪಾಗುತ್ತದೆ ಎಂಬುದು ಭ್ರಮೆ. ಸೆಖೆ ತಡೆಯಲಾರದೆ ಬಂದವರು ಒತ್ತಿ, ಹಾಗೇ ನಿದ್ದೆ ಹೋಗಿ, ಬೆಳಗಿನ ಜಾವ ಎರಡು ರಗ್ಗು ಹೊದ್ದು ನಡುಗುತ್ತಾರೆ. ದುಡ್ಡು ಕೊಟ್ಟು ಚಳಿ ಕೊಂಡು, ಅದನ್ನು ತಡೆಯಲು ರಗ್ಗು ಹೊದೆಯುವುದು ಯಾವ ಬುದ್ಧಿವಂತಿಕೆ? ಬೆಳಗಿನ ಜಾವ ನಾಲ್ಕಕ್ಕೆ ಟೈಮರ್ ಇಡಿ. ಆ ಹೊತ್ತಿಗೆ ಹೊರಗಿನ ಗಾಳಿಯೇ ಸಾಕಷ್ಟು ಇಳಿದಿರುತ್ತದೆ.

ಬೇಸಿಗೆಯಲ್ಲಿ ವಾರಕ್ಕೊಮ್ಮೆ ಮೀಟರ್ ಓದಿ, ಕ್ಯಾಲೆಂಡರ್ ಮೇಲೆ ಬರೆಯಿರಿ. ಮೂರನೇ ವಾರಕ್ಕೆ 160 ಮುಟ್ಟಿದ್ದರೆ ನಾಲ್ಕನೇ ವಾರ 27 ಡಿಗ್ರಿಗೆ ಏರಿಸಿ, ತಾಸು ಇಳಿಸಿ. ಮಾಕ್ ಟೆಸ್ಟ್ ಅಂಕ ನೋಡಿ ಓದು ಬದಲಿಸುವ ಹಾಗೆಯೇ ಇದು. ಮನೆಯ ಶಾಲೆ ಮಕ್ಕಳಿಗೆ ಈ ಕೆಲಸ ವಹಿಸಿ. ದೊಡ್ಡವರಿಗಿಂತ ಕಟ್ಟುನಿಟ್ಟಾಗಿ ಮಾಡುತ್ತಾರೆ.

15. ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಫಿಲ್ಟರ್ ತೊಳೆಯಿರಿ.

ಕಂಪನಿಯ ಪುಸ್ತಕ ಬರೆದವರು ಸಂಡೂರಿನ ಅದಿರು ಲಾರಿ ಓಡುವ ರಸ್ತೆ ನೋಡಿಲ್ಲ. ಅವರ 'ತಿಂಗಳಿಗೊಮ್ಮೆ' ನಮಗೆ ಸಾಲದು. ಧೂಳು ಕಟ್ಟಿದ ಫಿಲ್ಟರ್‌ನಲ್ಲಿ ಗಾಳಿ ಹಾಯುವುದಿಲ್ಲ. ಎಸಿ ಓಡುತ್ತದೆ, ಯೂನಿಟ್ ಏರುತ್ತದೆ, ಕೋಣೆ ಮಾತ್ರ ತಂಪಾಗುವುದಿಲ್ಲ. ಆಮೇಲೆ ಮೆಕ್ಯಾನಿಕ್ ಬಂದು ಅದೇ ಗ್ಯಾಸಿನ ಕಥೆ ಹೇಳುತ್ತಾನೆ. ಕೆಲಸವೋ ಐದು ನಿಮಿಷದ್ದು. ಮುಚ್ಚಳ ತೆರೆದು, ಜಾಲರಿ ಎಳೆದು, ನಲ್ಲಿ ಕೆಳಗೆ ಹಿಡಿದು, ನೆರಳಲ್ಲಿ ಒಣಗಿಸಿ ಹಾಕುವುದು. ಹೊರಗಿನ ಯೂನಿಟ್‌ಗೆ ವರ್ಷಕ್ಕೆರಡು ಸಲ ಸ್ವಿಚ್ ಆಫ್ ಮಾಡಿ ಮೆಲ್ಲಗೆ ನೀರು ಹೊಡೆಯಿರಿ.

ತಾರೀಖು ನೆನಪಿಡುವ ಆ್ಯಪ್ ಬೇಕಿಲ್ಲ. ನಮ್ಮಲ್ಲಿ ಅಮಾವಾಸ್ಯೆ ಬಂದರೆ ಲಾರಿ, ಟ್ರ್ಯಾಕ್ಟರ್, ಬೈಕು ಎಲ್ಲಾ ತೊಳೆದು, ನಿಂಬೆಹಣ್ಣು ಕಟ್ಟಿ ಪೂಜೆ ಮಾಡುವ ರೂಢಿ ಇದ್ದೇ ಇದೆ. ಬಕೆಟ್ ನೀರು ಹೇಗೂ ಅಂಗಳದಲ್ಲಿ ಇರುತ್ತದೆ. ಬೈಕಿನ ಸರದಿ ಮುಗಿದ ಮೇಲೆ ಫಿಲ್ಟರ್ ತಂದು ಅದ್ದಿ. ಬಕೆಟ್ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ನೋಡಿ.